ಪರಿಭಾಷೆ ಹಿಡಿದು ‘ಫ್ರಾಂಕೆನ್‌ಸ್ಟೈನ್’ ಓದುವುದು

ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡ ಪದವಿ ವಿದ್ಯಾರ್ಥಿಗೆ ಹತ್ತೊಂಬತ್ತನೇ ಶತಮಾನದ ಕಾದಂಬರಿಯೊಂದು ಪಠ್ಯವಾಗಿ ಬಂದ ಕೂಡಲೇ ಅದರ ಬೆನ್ನಿಗೆ ಪದಗಳ ಪಟ್ಟಿಯೊಂದೂ ಬರುತ್ತದೆ: ಗಾಥಿಕ್, ರೊಮ್ಯಾಂಟಿಕ್, ಚೌಕಟ್ಟಿನ ಕಥನ, ನಾಟಕೀಯ ವ್ಯಂಗ್ಯ, ಪ್ರತೀಕ, ಆಶಯ. ಪ್ರತಿ ಪದಕ್ಕೂ ಎರಡು ಸಾಲಿನ ವ್ಯಾಖ್ಯೆ. ವ್ಯಾಖ್ಯೆ ಬಾಯಿಪಾಠವಾಗುತ್ತದೆ, ಅಂಕವೂ ಸಿಗುತ್ತದೆ, ಕಾದಂಬರಿ ಮಾತ್ರ ಓದದೆಯೇ ಉಳಿಯುತ್ತದೆ. ಪರಿಭಾಷೆಯ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಪದ ನಮ್ಮನ್ನು ಮತ್ತೆ ಪುಟಕ್ಕೆ ಕಳಿಸಿ, ಮೊದಲ ಓದಿನಲ್ಲಿ ಕಾಣದ್ದನ್ನು ಕಾಣಿಸಿದಾಗಷ್ಟೇ ಅದನ್ನು ಕಲಿತದ್ದು ಸಾರ್ಥಕ. ಈ ಮಾತನ್ನು ಒಂದೇ ಕಾದಂಬರಿ ಇಟ್ಟುಕೊಂಡು ತೋರಿಸಲು ಹೊರಟಿದ್ದೇನೆ. ಅದಕ್ಕೆ ಆರಿಸಿಕೊಂಡದ್ದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’.

1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಪುಸ್ತಕ ಇದು. ಅಚ್ಚಾದದ್ದು 500 ಪ್ರತಿ. ಲೇಖಕರ ಹೆಸರಿರಲಿಲ್ಲ, ಬರೆದವಳಿಗೆ ಆಗ ಇಪ್ಪತ್ತು ವರ್ಷ. ಬರವಣಿಗೆ ಶುರುವಾದದ್ದು 1816ರ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಬೂದಿಯಿಂದಾಗಿ ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಕೂತ ಕವಿ ಬೈರನ್ ಎಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ ಎಂದ. ಆ ಪಂಥದಿಂದ ಹುಟ್ಟಿದ್ದು ಈ ಕೃತಿ.

ಸಿನಿಮಾದ ಮೂಲಕವಷ್ಟೇ ಇದನ್ನು ಬಲ್ಲವರಿಗೆ ಕತೆಯ ಎಳೆ ಹೇಳಿಬಿಡುತ್ತೇನೆ. ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರಲ್ಲ, ಅವನನ್ನು ಸೃಷ್ಟಿಸಿದ ವಿಕ್ಟರ್ ಎಂಬ ಯುವ ವಿದ್ಯಾರ್ಥಿಯ ಮನೆತನದ ಹೆಸರು. ಸೃಷ್ಟಿಯಾದವನಿಗೆ ಹೆಸರೇ ಇಲ್ಲ. ಜೀವ ಬಂದ ಕ್ಷಣದಲ್ಲೇ ವಿಕ್ಟರ್ ಅವನನ್ನು ಬಿಟ್ಟು ಓಡುತ್ತಾನೆ. ಅನಾಥನಾಗಿ ಅಲೆದು, ಮನುಷ್ಯರಿಂದ ಏಟು ತಿಂದು, ಆ ಜೀವಿ ಒಬ್ಬಳು ಸಂಗಾತಿಯನ್ನು ಕೇಳುತ್ತದೆ. ಮೊದಲು ಒಪ್ಪಿದ ವಿಕ್ಟರ್ ಅರ್ಧ ಮುಗಿದ ಹೆಣ್ಣುದೇಹವನ್ನು ಹರಿದುಹಾಕುತ್ತಾನೆ. ಅಷ್ಟರಲ್ಲಾಗಲೇ ವಿಕ್ಟರನ ತಮ್ಮ ಆ ಜೀವಿಯ ಕೈಯಲ್ಲಿ ಸತ್ತಿದ್ದಾನೆ. ಮುಂದೆ ಗೆಳೆಯ, ಬಳಿಕ ಹೆಂಡತಿ. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಬೆನ್ನಟ್ಟಿ ಉತ್ತರ ಧ್ರುವದ ಹಿಮಕ್ಕೆ ಬಂದು ಮುಟ್ಟುತ್ತಾರೆ.

ಈ ಎಳೆ ನಮಗೆ ತಲುಪುವ ದಾರಿಯೇ ಮೊದಲ ಪರಿಭಾಷೆ: ಚೌಕಟ್ಟಿನ ಕಥನ, ಅಂದರೆ ಕತೆಯೊಳಗೆ ಕತೆ. ಹಿಮದ ನಡುವೆ ಸಿಕ್ಕಿಕೊಂಡ ಹಡಗಿನಿಂದ ವಾಲ್ಟನ್ ಎಂಬ ಸಾಹಸಿ ಇಂಗ್ಲೆಂಡಿನ ತನ್ನ ಅಕ್ಕನಿಗೆ ಕಾಗದ ಬರೆಯುತ್ತಾನೆ. ಆ ಕಾಗದದೊಳಗೆ, ಹಿಮದಿಂದ ಆ ಹಡಗಿಗೆ ಬಂದು ಸೇರಿದ ವಿಕ್ಟರ್ ತನ್ನ ಕತೆ ಹೇಳುತ್ತಾನೆ. ಅದರೊಳಗೆ, ಆಲ್ಪ್ಸ್ ಪರ್ವತದ ಒಂದು ಗುಡಿಸಲಿನಲ್ಲಿ, ಆ ಜೀವಿ ವಿಕ್ಟರನಿಗೆ ತನ್ನ ಕತೆ ಹೇಳುತ್ತದೆ. ಅದರೊಳಗೆ ಡಿ ಲೇಸಿ ಎಂಬ ಬಡ ಕುಟುಂಬದ ಕತೆ ಬರುತ್ತದೆ. ಕನ್ನಡದ ಓದುಗನಿಗೆ ಈ ರಚನೆ ಹೊಸದೇನೂ ಅಲ್ಲ. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯಲ್ಲಿ ಗಿಳಿಯೊಂದು ಶೂದ್ರಕ ರಾಜನಿಗೆ ಕತೆ ಹೇಳುತ್ತದೆ, ಆ ಕತೆಯಲ್ಲಿ ಜಾಬಾಲಿ ಮುನಿ ಕತೆ ಹೇಳುತ್ತಾನೆ, ಅದರೊಳಗೆ ಮಹಾಶ್ವೇತೆ ತನ್ನ ದುಃಖ ಹೇಳಿಕೊಳ್ಳುತ್ತಾಳೆ. ಆದರೆ ಅಲ್ಲಿ ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ ಕೆಡುವುದಿಲ್ಲ. ಜಾಬಾಲಿ ತ್ರಿಕಾಲಜ್ಞಾನಿ, ಅವನನ್ನು ಅನುಮಾನಿಸಬೇಕಾದ ಪ್ರಮೇಯವೇ ಇಲ್ಲ. ಮೇರಿ ಶೆಲ್ಲಿಯ ಚೌಕಟ್ಟಿನಲ್ಲಿ ಹೇಳುವ ಪ್ರತಿಯೊಬ್ಬನಿಗೂ ಸ್ವಂತದ ಲೆಕ್ಕಾಚಾರವಿದೆ. ವಾಲ್ಟನನಿಗೆ ಒಬ್ಬ ಗೆಳೆಯ ಬೇಕು. ವಿಕ್ಟರನನ್ನು ಕಂಡ ಕೂಡಲೇ ಮರುಳಾಗಿದ್ದಾನೆ. ವಿಕ್ಟರನಿಗೆ ತನ್ನ ಮೇಲಿನ ಆರೋಪ ತೊಳೆದುಕೊಳ್ಳಬೇಕು. ಆ ಜೀವಿಗೆ ಸಂಗಾತಿ ಬೇಕು, ಅದಕ್ಕಾಗಿ ಕರುಣೆ ಹುಟ್ಟಿಸಬೇಕು.

ಕೊನೆಯ ಭಾಗದ ಒಂದು ಸಣ್ಣ ಸಂಗತಿಯನ್ನು ಅವಸರದ ಓದುಗರು ದಾಟಿ ಹೋಗಿಬಿಡುತ್ತಾರೆ. ತಾನು ಹೇಳಿದ್ದನ್ನೆಲ್ಲ ವಾಲ್ಟನ್ ಬರೆದಿಟ್ಟುಕೊಳ್ಳುತ್ತಿದ್ದಾನೆಂದು ವಿಕ್ಟರನಿಗೆ ಗೊತ್ತಾಗುತ್ತದೆ. ಅವನು ಆ ಬರಹ ತರಿಸಿಕೊಂಡು, ಹಲವು ಕಡೆ ತಾನೇ ತಿದ್ದುತ್ತಾನೆ, ಸೇರಿಸುತ್ತಾನೆ. ಮುಖ್ಯವಾಗಿ ಎಲ್ಲಿ? ತನ್ನ ಶತ್ರುವಿನೊಂದಿಗೆ ನಡೆದ ಸಂಭಾಷಣೆಗಳಲ್ಲಿ. ಇದನ್ನು ಗಮನಿಸಿದ ಮೇಲೆ ಇಡೀ ಪುಸ್ತಕದ ನೆಲ ಅಲುಗುತ್ತದೆ. ಅಷ್ಟು ಹೊತ್ತೂ ನಾವು ಆ ಜೀವಿಯ ಸ್ವಂತ ದನಿ ಎಂದುಕೊಂಡು ಕೇಳಿದ ನಿರರ್ಗಳ ಮಾತುಗಳು ಅವನ ಶತ್ರುವಿನ ನೆನಪಿನಿಂದ ಬಂದವು, ಶತ್ರುವಿನ ಕೈಯಲ್ಲಿ ತಿದ್ದುಪಡಿಯಾದವು. ಹಾಗಿದ್ದೂ ಆ ಮಾತು ನಮ್ಮ ಕರುಳು ಹಿಂಡುತ್ತದೆ. ವಿಕ್ಟರ್ ಎಷ್ಟು ತಿದ್ದಿದರೂ ಅಳಿಸಲಾಗದ್ದು ಅದರಲ್ಲಿತ್ತೇ, ಅಥವಾ ಅವನೇ ಬೇಕೆಂದು ಅದನ್ನು ಉಳಿಸಿದನೇ? ಚೌಕಟ್ಟಿನ ಕಥನ ಎಂಬ ಪದ ಗೊತ್ತಿಲ್ಲದಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿಂದ ‘ನಂಬಲಾಗದ ನಿರೂಪಕ’ ಎಂಬ ಪರಿಕಲ್ಪನೆಗೆ ಒಂದೇ ಹೆಜ್ಜೆ. ವಿಮರ್ಶಕ ವೇನ್ ಬೂತ್ 1961ರಲ್ಲಿ ಚಾಲ್ತಿಗೆ ತಂದ ಪದ ಇದು. ಇಂಥ ನಿರೂಪಕ ಸುಳ್ಳುಗಾರನೇ ಆಗಿರಬೇಕಿಲ್ಲ. ಅವನ ತೂಗುವ ರೀತಿಗೂ ಕೃತಿ ನಮಗೆ ಕಾಣಿಸುವುದಕ್ಕೂ ತಾಳೆಯಾಗದಿದ್ದರೆ ಸಾಕು. ಜಸ್ಟಿನ್ ಎಂಬ ಮನೆಗೆಲಸದ ಹುಡುಗಿಯ ಪ್ರಸಂಗ ನೋಡಿ. ವಿಕ್ಟರನ ತಮ್ಮನನ್ನು ಕೊಂದವಳು ಅವಳೇ ಎಂದು ನ್ಯಾಯಾಲಯ ನಂಬುತ್ತದೆ, ಏಕೆಂದರೆ ಹುಡುಗನ ಕೊರಳಲ್ಲಿದ್ದ ಪುಟ್ಟ ಚಿತ್ರ ಅವಳ ಜೇಬಿನಲ್ಲಿ ಸಿಕ್ಕಿದೆ. ಕೊಂದವನು ಯಾರೆಂದು ವಿಕ್ಟರನ ಮನಸ್ಸಿಗೆ ಗೊತ್ತು. ಹೇಳಿದರೆ ಹುಚ್ಚನೆಂದಾರು ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ. ಅಷ್ಟಕ್ಕೇ ನಿಲ್ಲದೆ, ಅವಳ ಸಂಕಟ ತನ್ನ ಸಂಕಟಕ್ಕೆ ಸಮನಲ್ಲ, ಅವಳಿಗೆ ತಾನು ನಿರಪರಾಧಿ ಎಂಬ ಸಮಾಧಾನವಾದರೂ ಇತ್ತು ಎನ್ನುತ್ತಾನೆ. ಗಲ್ಲಿಗೇರುತ್ತಿರುವವಳು ಅವಳು! ವಿಕ್ಟರ್ ಇಲ್ಲಿ ಒಂದು ಘಟನೆಯನ್ನೂ ಮುಚ್ಚಿಟ್ಟಿಲ್ಲ. ಆದರೂ ಅವನ ತಕ್ಕಡಿಯನ್ನು ಇನ್ನು ಮುಂದೆ ನಾವು ನಂಬಲಾರೆವು.

ಪತ್ರರೂಪಿ ಕಾದಂಬರಿ ಎಂಬ ಪ್ರಕಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹದಿನೆಂಟನೇ ಶತಮಾನದಲ್ಲಿ ರಿಚರ್ಡ್‌ಸನ್, ಗಯಟೆ ಮೊದಲಾದವರು ಅದನ್ನು ಬೆಳೆಸಿದ್ದರು. ಮೇರಿ ಶೆಲ್ಲಿ ಅದನ್ನು ಹೊರಕವಚವಾಗಿ ಬಳಸಿದಳು. ಒಂದು ಮಾತು ಮಾತ್ರ ನೆನಪಿಡಬೇಕು: ಪತ್ರ ಪಡೆಯುವ ಅಕ್ಕ ಒಂದೇ ಒಂದು ಉತ್ತರ ಬರೆಯುವುದೂ ನಮಗೆ ಕಾಣುವುದಿಲ್ಲ. ಕಾಗದ ಅವಳಿಗೆ ತಲುಪಿತೋ ಇಲ್ಲವೋ ಅದೂ ತಿಳಿಯದು. ಅವಳ ಜಾಗದಲ್ಲಿ ಕೂತು ಓದುವವರು ನಾವು, ತೀರ್ಪು ಕೊಡಬೇಕಾದವರೂ ನಾವೇ.

ನಾಟಕೀಯ ವ್ಯಂಗ್ಯ ಎಂದರೆ ಪಾತ್ರಕ್ಕೆ ತಿಳಿಯದ್ದು ನೋಡುಗನಿಗೆ ಅಥವಾ ಓದುಗನಿಗೆ ತಿಳಿದಿರುವುದು. ಅದಕ್ಕೆ ಈ ಕಾದಂಬರಿಯಲ್ಲಿ ತುಂಬ ಸ್ಪಷ್ಟ ಉದಾಹರಣೆಯಿದೆ. ತನ್ನ ಸಂಗಾತಿಯಾಗಬೇಕಿದ್ದವಳನ್ನು ಕಣ್ಣೆದುರೇ ಹರಿದುಹಾಕಿದ ವಿಕ್ಟರನಿಗೆ ಆ ಜೀವಿ ‘ನಿನ್ನ ಮದುವೆಯ ರಾತ್ರಿ ನಿನ್ನ ಬಳಿ ಇರುತ್ತೇನೆ’ ಎಂದು ಹೇಳಿ ಹೋಗುತ್ತದೆ. ಗುರಿ ವಿಕ್ಟರ್ ಮದುವೆಯಾಗಲಿರುವ ಎಲಿಜಬೆತ್ ಎಂದು ಓದುಗರಿಗೆ ಅಲ್ಲೇ ಹೊಳೆಯುತ್ತದೆ. ವಿಕ್ಟರ್ ಮಾತ್ರ ಸಾಯುವವನು ತಾನೇ ಎಂದು ತಿಳಿದು, ಮದುವೆಯ ರಾತ್ರಿ ಅವಳನ್ನು ಒಬ್ಬಳನ್ನೇ ಕೋಣೆಗೆ ಕಳಿಸಿ, ತಾನು ಪಿಸ್ತೂಲು ಹಿಡಿದು ಮನೆಯ ಮೂಲೆಮೂಲೆ ಹುಡುಕುತ್ತಾನೆ. ಒಂದು ಜೀವಿಯ ಸಂಗಾತಿಯನ್ನು ಕೊಂದವನಿಗೆ ತನ್ನ ಸಂಗಾತಿಯ ಜೀವಕ್ಕೆ ಅಪಾಯವಿದೆ ಎಂದು ಹೊಳೆಯದಿರುವುದೇ ಅವನ ಸ್ವಭಾವದ ಮೇಲಿನ ದೊಡ್ಡ ಟೀಕೆ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಕತೆ ಹೇಳುತ್ತಿರುವ ವಿಕ್ಟರನಿಗೆ ಆ ರಾತ್ರಿ ಏನಾಯಿತೆಂದು ಗೊತ್ತು. ಕತೆಯೊಳಗಿನ ವಿಕ್ಟರನಿಗೆ ಗೊತ್ತಿಲ್ಲ. ಉತ್ತಮ ಪುರುಷ ನಿರೂಪಣೆಯಲ್ಲಿ ‘ನಾನು’ ಎಂಬುದು ಹೀಗೆ ಇಬ್ಬರು. ಹೇಳುವ ‘ನಾನು’ ಆಗಾಗ ‘ಆ ರಾಕ್ಷಸ ನನ್ನ ಕಣ್ಣು ಕಟ್ಟಿದ್ದ’ ಎಂಬ ಅರ್ಥದ ಮಾತಾಡಿ, ಅನುಭವಿಸಿದ ‘ನಾನು’ವಿನ ತಪ್ಪನ್ನು ಹಗುರ ಮಾಡುತ್ತಾನೆ.

ಇನ್ನು ಪ್ರಕಾರಗಳು. ಗಾಥಿಕ್ ಕಾದಂಬರಿ ಶುರುವಾದದ್ದು 1764ರಲ್ಲಿ, ಹೊರೇಸ್ ವಾಲ್‌ಪೋಲ್ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ. ಪಾಳು ಕೋಟೆ, ನೆಲಮಾಳಿಗೆ, ವಂಶಕ್ಕೆ ತಟ್ಟಿದ ಶಾಪ, ಸೆರೆ ಸಿಕ್ಕ ಕನ್ಯೆ, ಪ್ರೇತ ಇವೆಲ್ಲ ಆ ಪ್ರಕಾರದ ಸರಕು. ಮೇರಿ ಶೆಲ್ಲಿಯಲ್ಲಿ ಕೋಟೆಯ ಜಾಗಕ್ಕೆ ಇಂಗೋಲ್‌ಸ್ಟಾಟ್ ನಗರದ ಬಾಡಿಗೆ ಮನೆಯ ಮೇಲಂತಸ್ತಿನ ಕೋಣೆ ಬಂದಿದೆ. ಪ್ರೇತದ ಜಾಗಕ್ಕೆ ರಸಾಯನಶಾಸ್ತ್ರ ಮತ್ತು ಅಂಗರಚನಾಶಾಸ್ತ್ರ ಬಂದಿವೆ. ಶಾಪ ಹಾಕಿದವರು ಹಿರಿಯರಲ್ಲ, ವಿಕ್ಟರ್ ತಾನೇ ತಂದುಕೊಂಡದ್ದು. ಹೀಗೆ ಹಳೆಯ ಪ್ರಕಾರದ ಪ್ರತಿ ಅಂಗಕ್ಕೂ ಬದಲಿ ಹುಡುಕಿದ್ದರಿಂದಲೇ ಈ ಕೃತಿ ಇಂದಿಗೂ ಓದಿಸಿಕೊಳ್ಳುತ್ತದೆ. ಅದೇ ಕಾಲದ ಎಷ್ಟೋ ಗಾಥಿಕ್ ಕಾದಂಬರಿಗಳನ್ನು ಈಗ ಸಂಶೋಧಕರಷ್ಟೇ ತೆರೆಯುತ್ತಾರೆ.

ಗಾಥಿಕ್ ಬರೆದ ಆನ್ ರ‍್ಯಾಡ್‌ಕ್ಲಿಫ್ ಭಯದಲ್ಲಿ ಎರಡು ಬಗೆ ಕಂಡಿದ್ದಳು. ಕಾಣದ್ದರ ಬಗೆಗಿನ ಅಂಜಿಕೆ ಮನಸ್ಸನ್ನು ಹಿಗ್ಗಿಸುತ್ತದೆ, ಕಣ್ಣೆದುರಿನ ಘೋರ ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ನಮ್ಮ ರಸವಿಚಾರ ಇದನ್ನು ಬೇರೆ ದಾರಿಯಿಂದ ಮುಟ್ಟಿದೆ: ಭಯಾನಕ ರಸಕ್ಕೆ ಭಯ ಸ್ಥಾಯಿ, ಅಂದರೆ ಮೂಲಭಾವ, ಬೀಭತ್ಸಕ್ಕೆ ಜುಗುಪ್ಸೆ, ಅದ್ಭುತಕ್ಕೆ ವಿಸ್ಮಯ. ಜೀವ ಬರುವ ದೃಶ್ಯವನ್ನು ಓದಲು ಈ ಮೂರು ತುಂಬ ನೆರವಾಗುತ್ತವೆ. ನವೆಂಬರಿನ ಮಳೆಯ ರಾತ್ರಿ, ಮೋಂಬತ್ತಿ ಆರುವ ಹೊತ್ತು, ಮಂಕು ಹಳದಿ ಕಣ್ಣೊಂದು ತೆರೆಯುತ್ತದೆ. ಚೆಲುವಾಗಿರಲಿ ಎಂದೇ ವಿಕ್ಟರ್ ಒಂದೊಂದು ಅಂಗವನ್ನೂ ಆರಿಸಿದ್ದ. ಮುತ್ತಿನಂಥ ಹಲ್ಲು, ಹೊಳೆಯುವ ಕಪ್ಪು ಕೂದಲು. ಎರಡು ವರ್ಷ ಅವನನ್ನು ನಡೆಸಿದ್ದು ವಿಸ್ಮಯ. ಕಣ್ಣು ತೆರೆದ ಕ್ಷಣ ಅದು ಜುಗುಪ್ಸೆಗೆ ಜಾರುತ್ತದೆ. ಭಯ ಬರುವುದು ಅದರ ಹಿಂದೆ. ಆ ಜೀವಿ ಇನ್ನೂ ಯಾರಿಗೂ ಏನೂ ಮಾಡಿಲ್ಲ ಎಂಬುದನ್ನು ಈ ಅನುಕ್ರಮವೇ ಹೇಳುತ್ತದೆ.

ಅದೇ ದೃಶ್ಯದಲ್ಲಿ ಇನ್ನೊಂದು ಕ್ಷಣ ನಿಲ್ಲಬೇಕು. ಓಡಿಹೋಗಿ ಮಲಗಿದ ವಿಕ್ಟರ್ ಕಣ್ಣು ಬಿಟ್ಟಾಗ ಜೀವಿ ಹಾಸಿಗೆಯ ಪರದೆ ಎತ್ತಿ ಅವನನ್ನೇ ನೋಡುತ್ತಿದೆ. ಬಾಯಿ ತೆರೆದು ಅರ್ಥವಾಗದ ಸದ್ದು ಮಾಡುತ್ತದೆ, ಕೆನ್ನೆಯಲ್ಲಿ ನಗುವಿನ ಸುಕ್ಕು ಮೂಡುತ್ತದೆ, ಒಂದು ಕೈ ಮುಂದೆ ಚಾಚಿದೆ, ತನ್ನನ್ನು ಹಿಡಿಯಲೆಂಬಂತೆ ಎನ್ನುತ್ತಾನೆ ವಿಕ್ಟರ್. ‘ಎಂಬಂತೆ’ ಎಂಬುದು ಅವನ ಊಹೆ. ತೊದಲುವ ಬಾಯಿ, ನಗು, ಚಾಚಿದ ಕೈ: ಹುಟ್ಟಿದ ಮಗು ಹೆತ್ತವರ ಕಡೆ ಮಾಡುವುದು ಇಷ್ಟನ್ನೇ. ಮೇರಿ ಹುಟ್ಟಿದ ಕೆಲವೇ ದಿನಗಳಲ್ಲಿ ಅವಳ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ತೀರಿಕೊಂಡಿದ್ದಳು. 1815ರಲ್ಲಿ ಅವಳ ಮೊದಲ ಮಗು ಎಳೆಯದರಲ್ಲೇ ಸತ್ತಿತ್ತು. ವಿಮರ್ಶಕಿ ಎಲೆನ್ ಮೋಯರ್ಸ್ 1976ರಲ್ಲಿ ‘ಸ್ತ್ರೀ ಗಾಥಿಕ್’ ಎಂಬ ಪರಿಕಲ್ಪನೆ ಮುಂದಿಟ್ಟು, ಇದನ್ನು ಹೆರಿಗೆ ಮತ್ತು ಹೆರಿಗೆಯ ನಂತರದ ಭೀತಿಯ ಕತೆಯಾಗಿ ಓದಿದಳು. ಲೇಖಕಿಯ ಬದುಕನ್ನು ಕೃತಿಗೆ ಅಂಟಿಸುವುದರಲ್ಲಿ ಅಪಾಯವಿದೆ ನಿಜ. ಆದರೆ ಆ ಚಾಚಿದ ಕೈಯನ್ನು ಕಂಡವರು ಆ ಓದನ್ನು ತಳ್ಳಿಹಾಕಲಾರರು.

ಭವ್ಯ ಎಂಬ ಪದ ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ಬರೆದ ಗ್ರಂಥದಿಂದ ರೊಮ್ಯಾಂಟಿಕ್ ಕಾಲಕ್ಕೆ, ಅಂದರೆ ಪ್ರಕೃತಿ, ಭಾವ, ಕಲ್ಪನೆಗಳನ್ನು ಎತ್ತಿಹಿಡಿದ ಕವಿಗಳ ಕಾಲಕ್ಕೆ ಹರಿದು ಬಂದದ್ದು. ಚೆಲುವು ಹಿತ ಕೊಡುತ್ತದೆ. ಭವ್ಯವಾದದ್ದು ಹೆದರಿಸುತ್ತಲೇ ಸೆಳೆಯುತ್ತದೆ. ಮೊಂಬ್ಲಾ ಶಿಖರದ ಕೆಳಗಿನ ಹಿಮನದಿಯ ಮೇಲೆ ವಿಕ್ಟರ್ ಒಬ್ಬನೇ ನಡೆದು ಮನಸ್ಸನ್ನು ಹಗುರ ಮಾಡಿಕೊಳ್ಳುವುದು ರೊಮ್ಯಾಂಟಿಕ್ ಕವಿತೆಗಳಿಂದ ಎತ್ತಿಟ್ಟಂತಿದೆ. ಪ್ರಕೃತಿ ನೊಂದವನನ್ನು ಸಂತೈಸುತ್ತದೆ ಎಂಬುದು ರೊಮ್ಯಾಂಟಿಕ್ ನಂಬಿಕೆ. ಆದರೆ ಸರಿಯಾಗಿ ಅದೇ ಕ್ಷಣದಲ್ಲಿ, ಹಿಮದ ಬಿರುಕುಗಳನ್ನು ಹಾರುತ್ತ ಆ ಜೀವಿ ಎದುರಾಗುತ್ತದೆ. ಬೈರನ್ನನಂಥ ರೊಮ್ಯಾಂಟಿಕ್ ಕವಿಗಳ ಮನೆಯಲ್ಲೇ ಕೂತು ಅವರ ಕಲ್ಪನೆಗೆ ಹಾಕಿದ ಪ್ರಶ್ನೆ ಅದು. ತನ್ನ ಪ್ರತಿಭೆಯೊಂದನ್ನೇ ನಂಬಿ ಮನೆಮಂದಿಯನ್ನು ಮರೆಯುವ ವೀರನ ಬಗ್ಗೆ ಇಷ್ಟು ನಿಷ್ಠುರವಾಗಿ ಆ ಬಳಗದಲ್ಲಿ ಇನ್ಯಾರೂ ಬರೆಯಲಿಲ್ಲ ಎಂದು ನನ್ನ ಅಭಿಪ್ರಾಯ.

ವೈಜ್ಞಾನಿಕ ಕಾದಂಬರಿ ಎಂಬ ಹೆಸರು 1818ರಲ್ಲಿ ಇರಲೇ ಇಲ್ಲ. ಇಂಗ್ಲಿಷ್ ಲೇಖಕ ಬ್ರಯನ್ ಆಲ್ಡಿಸ್ 1973ರಲ್ಲಿ ಆ ಪ್ರಕಾರದ ಇತಿಹಾಸ ಬರೆಯುತ್ತ ಇದನ್ನೇ ಮೊದಲನೆಯದೆಂದು ಎಣಿಸಿದ. ವಾದಕ್ಕೆ ಆಧಾರವಿದೆ: ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ವಿಜ್ಞಾನಿ ಗಾಲ್ವಾನಿ ತೋರಿಸಿದ್ದ, ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದವನೊಬ್ಬನ ಹೆಣದ ಮೇಲೆ ಅದೇ ಪ್ರಯೋಗ ಮಾಡಿದ್ದ. ಆದರೆ 1931ರ ಹಾಲಿವುಡ್ ಸಿನಿಮಾದ ಸಿಡಿಲು, ತಂತಿ, ಯಂತ್ರಗಳು ಪುಸ್ತಕದ ಜೀವ ಬರುವ ದೃಶ್ಯದಲ್ಲಿ ಇಲ್ಲ. ಅಲ್ಲಿರುವುದು ಜೀವದ ಉಪಕರಣಗಳು, ಜೀವದ ಕಿಡಿ ಎಂಬ ಮಾತುಗಳಷ್ಟೇ. ವಿಧಾನವನ್ನು ವಿಕ್ಟರ್ ಬೇಕೆಂದೇ ಮುಚ್ಚಿಡುತ್ತಾನೆ.

ಜೀವಿ ಹೇಳುವ ಭಾಗವನ್ನಷ್ಟೇ ಪ್ರತ್ಯೇಕವಾಗಿ ಓದಿದರೆ ಅದು ಜರ್ಮನ್ ವಿಮರ್ಶಕರು ಬಿಲ್ಡುಂಗ್ಸ್‌ರೋಮಾನ್ ಎಂದು ಕರೆದ ಪ್ರಕಾರದ ಪುಟ್ಟ ಮಾದರಿ: ಒಂದು ಮನಸ್ಸು ಬೆಳೆದು ರೂಪುಗೊಳ್ಳುವ ಕತೆ. ಮೊದಲು ಬೆಳಕು ಕತ್ತಲೆಗಳ ವ್ಯತ್ಯಾಸ, ಹಕ್ಕಿಯ ದನಿ, ಬಳಿಕ ಗೋಡೆಯ ಬಿರುಕಿನಿಂದ ಡಿ ಲೇಸಿ ಕುಟುಂಬವನ್ನು ನೋಡಿ ಕಲಿತ ಭಾಷೆ, ಆಮೇಲೆ ಕಾಡಿನಲ್ಲಿ ಸಿಕ್ಕ ಪುಸ್ತಕಗಳು. ಇಂಥ ಕತೆಗಳಲ್ಲಿ ಬೆಳೆದವನಿಗೆ ಕೊನೆಗೆ ಸಮಾಜದಲ್ಲೊಂದು ಜಾಗ ಸಿಗುತ್ತದೆ. ಇವನು ಆ ಜಾಗ ಕೇಳಲು ಡಿ ಲೇಸಿ ಮನೆಯ ಕುರುಡ ಮುದುಕನ ಬಳಿ ಹೋಗುತ್ತಾನೆ. ಮುದುಕ ಮಾತು ಕೇಳಿ ಕರಗುತ್ತಾನೆ. ಕಣ್ಣಿರುವ ಮಗ ಒಳಗೆ ಬಂದವನೇ ದೊಣ್ಣೆಯಿಂದ ಬಡಿಯುತ್ತಾನೆ.

ಸಿಕ್ಕ ಪುಸ್ತಕಗಳಲ್ಲಿ ಒಂದು ಇಂಗ್ಲಿಷ್ ಕವಿ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’, ದೇವರು ಸೃಷ್ಟಿಸಿದ ಮೊದಲ ಮನುಷ್ಯ ಆಡಮ್ಮನ ಪತನದ ಕತೆ. ಇಲ್ಲಿ ಬೇಕಾಗುವ ಪದ ಉಲ್ಲೇಖ, ಅಂದರೆ ಒಂದು ಕೃತಿ ಇನ್ನೊಂದನ್ನು ಒಳಗೆ ಕರೆದುಕೊಳ್ಳುವುದು. ಕಾದಂಬರಿಯ ಮುಖಪುಟದಲ್ಲೇ ಆಡಮ್ ದೇವರಿಗೆ ಹಾಕುವ ಪ್ರಶ್ನೆ ಇದೆ: ಮಣ್ಣಿನಿಂದ ನನ್ನನ್ನು ಮನುಷ್ಯನಾಗಿ ಮಾಡೆಂದು ನಾನು ಕೇಳಿದ್ದೆನೇ? ತಾನು ಆಡಮ್ ಆಗಬೇಕಿತ್ತು, ಸೈತಾನನಾದೆ ಎನ್ನುತ್ತಾನೆ ಜೀವಿ. ಉಪಶೀರ್ಷಿಕೆಯಲ್ಲಿರುವ ‘ಆಧುನಿಕ ಪ್ರೊಮಿಥಿಯಸ್’ ಎಂಬುದೂ ಇಂಥದೇ. ಗ್ರೀಕ್ ಪುರಾಣದ ಪ್ರೊಮಿಥಿಯಸ್ ಒಂದು ಕತೆಯಲ್ಲಿ ದೇವರುಗಳಿಂದ ಬೆಂಕಿ ಕದ್ದವನು, ಇನ್ನೊಂದರಲ್ಲಿ ಮಣ್ಣಿನಿಂದ ಮನುಷ್ಯರನ್ನು ಮಾಡಿದವನು. ವಿಕ್ಟರನಿಗೆ ಎರಡೂ ಒಪ್ಪುತ್ತವೆ. ಒಂದು ಅಂಶ ಬಿಟ್ಟು. ಪ್ರೊಮಿಥಿಯಸ್ ತಾನು ಮಾಡಿದ ಮನುಷ್ಯರಿಗಾಗಿ ಶಿಕ್ಷೆ ಅನುಭವಿಸಿದ, ಅವರನ್ನು ಕೈಬಿಡಲಿಲ್ಲ.

ಪ್ರತೀಕ ಮತ್ತು ಆಶಯಗಳನ್ನು ವಿದ್ಯಾರ್ಥಿಗಳು ಬೆರೆಸಿಬಿಡುತ್ತಾರೆ. ಕೃತಿಯ ಉದ್ದಕ್ಕೂ ಮರಳಿ ಮರಳಿ ಬರುವುದು ಆಶಯ. ತನ್ನನ್ನು ಮೀರಿದ ಅರ್ಥವೊಂದನ್ನು ಹೊತ್ತು ನಿಲ್ಲುವುದು ಪ್ರತೀಕ. ಬೆಂಕಿ ಇಲ್ಲಿ ಆಶಯ. ಅಲೆಮಾರಿಗಳು ಬಿಟ್ಟುಹೋದ ಬೆಂಕಿಯ ಬಿಸಿಗೆ ಜೀವಿ ಹಿಗ್ಗಿ, ಕೆಂಡಕ್ಕೆ ಕೈಯಿಟ್ಟು ಸುಟ್ಟುಕೊಳ್ಳುತ್ತದೆ, ಒಂದೇ ವಸ್ತು ಹೀಗೆ ಎರಡು ಬಗೆಯಾಗುವುದು ಹೇಗೆಂದು ಬೆರಗಾಗುತ್ತದೆ. ಮುಂದೆ ಡಿ ಲೇಸಿಯ ಮನೆಗೆ ಅದೇ ಕೊಳ್ಳಿಯಿಡುತ್ತದೆ. ಕೊನೆಯಲ್ಲಿ ತನ್ನ ಚಿತೆಯ ಮಾತಾಡುತ್ತದೆ. ಇನ್ನು ಪ್ರತೀಕಕ್ಕೆ ಉದಾಹರಣೆ ಸಿಡಿಲು ಬಡಿದ ಓಕ್ ಮರ. ಹದಿನೈದರ ಹರೆಯದಲ್ಲಿ ವಿಕ್ಟರ್ ಅದು ಸೀಳುಸೀಳಾದದ್ದನ್ನು ಕಾಣುತ್ತಾನೆ. ಎಷ್ಟೋ ಅಧ್ಯಾಯಗಳಾದ ಮೇಲೆ ನಾನೇ ಸಿಡಿಲು ಬಡಿದ ಮರ ಎನ್ನುತ್ತಾನೆ. ಮೊದಲ ಸಲ ಅದು ಬರೀ ಮರವಾಗಿತ್ತು, ಮುಂಬರುವುದರ ಸೂಚನೆಯೂ ಆಗಿತ್ತು. ಎರಡನೇ ಸಲ ರೂಪಕವಾಯಿತು.

ಪಾತ್ರಗಳ ಬಗ್ಗೆ ಎರಡು ಪದ ಸಾಕು. ಒಬ್ಬನ ಗುಣ ಎದ್ದು ಕಾಣಲು ಪಕ್ಕದಲ್ಲಿಟ್ಟ ಬೇರೆ ಸ್ವಭಾವದವನು ‘ಫಾಯಿಲ್’. ಗೆಳೆಯರನ್ನೂ ಲೋಕವನ್ನೂ ಪ್ರೀತಿಸುವ ಗೆಳೆಯ ಕ್ಲೆರ್ವಲ್ ವಿಕ್ಟರನಿಗೆ ಹಾಗೆ. ‘ಡಬಲ್’ ಎಂದರೆ ಒಬ್ಬನೇ ಇಬ್ಬರಾಗಿ ಒಡೆದಂತಿರುವುದು. ಆ ಜೀವಿಯನ್ನು ವಿಕ್ಟರ್ ತನ್ನದೇ ಆತ್ಮ ಗೋರಿಯಿಂದ ಬಿಡುಗಡೆಯಾಗಿ ತನ್ನವರನ್ನೆಲ್ಲ ಕೊಲ್ಲುತ್ತಿರುವಂತೆ ಕಾಣುತ್ತಾನೆ. ಜನ ಸೃಷ್ಟಿಸಿದವನ ಹೆಸರನ್ನು ಸೃಷ್ಟಿಗೆ ಇಟ್ಟುಬಿಟ್ಟದ್ದನ್ನು ತಪ್ಪೆಂದು ತಿದ್ದುತ್ತೇವೆ, ತಿದ್ದಲೂಬೇಕು. ಆದರೂ ಆ ತಪ್ಪಿನಲ್ಲಿ ಕಾದಂಬರಿಯ ಒಳನೋಟವೊಂದು ಸೇರಿಕೊಂಡಿದೆ.

ಗೈಡುಗಳಲ್ಲಿ ತಪ್ಪದೆ ಸಿಗುವ ಸಾಲು ‘ಮನುಷ್ಯ ದೇವರಾಗಲು ಹೋಗಬಾರದು ಎಂಬುದೇ ಈ ಕಾದಂಬರಿಯ ವಸ್ತು’. ಅದು ವಸ್ತುವಲ್ಲ, ನೀತಿ. ಅದನ್ನು ಹೇಳುವವನು ವಿಕ್ಟರ್, ಕಾದಂಬರಿಯಲ್ಲ. ಸಾಯುವಾಗ ಅವನು ವಾಲ್ಟನನಿಗೆ ಮಹತ್ವಾಕಾಂಕ್ಷೆ ಬೇಡ, ನೆಮ್ಮದಿ ಹುಡುಕು ಎಂದು ಬುದ್ಧಿ ಹೇಳುತ್ತಾನೆ. ಮರುಕ್ಷಣವೇ ‘ಹಾಗೇಕೆ ಹೇಳಲಿ, ನಾನು ಸೋತದ್ದರಲ್ಲಿ ಇನ್ನೊಬ್ಬ ಗೆಲ್ಲಬಹುದು’ ಎನ್ನುತ್ತಾನೆ. ತಾನೇ ಹೇಳಿದ ನೀತಿಯನ್ನು ಅವನೇ ಹಿಂದಕ್ಕೆ ತೆಗೆದುಕೊಂಡ. ವಸ್ತು ಎಂದರೆ ಕೃತಿ ಬಿಡದೆ ಕೆದಕುವ ಪ್ರಶ್ನೆ. ಇಲ್ಲಿ ಅದು, ಹುಟ್ಟಿಸಿದವರು ಹುಟ್ಟಿದ್ದಕ್ಕೆ ಏನು ಕೊಡಬೇಕು ಎಂಬುದು. ವಿಕ್ಟರನ ಅಪರಾಧ ಸೃಷ್ಟಿಸಿದ್ದರಲ್ಲಿ ಇರುವುದಕ್ಕಿಂತ ಬಿಟ್ಟು ಓಡಿದ್ದರಲ್ಲಿ ಇದೆ ಎಂದು ನಾನು ಓದುತ್ತೇನೆ.

ಆದರೆ ಈ ವಾದ ನೀವು ಹಿಡಿದ ಆವೃತ್ತಿಯನ್ನೂ ಅವಲಂಬಿಸುತ್ತದೆ. 1831ರಲ್ಲಿ ಮೇರಿ ಶೆಲ್ಲಿ ಪುಸ್ತಕವನ್ನು ಪರಿಷ್ಕರಿಸಿ, ಹೊಸ ಪೀಠಿಕೆ ಬರೆದು, ಒಂದೇ ಸಂಪುಟವಾಗಿ ಹೊರತಂದಳು. 1818ರಲ್ಲಿ ಎಲಿಜಬೆತ್ ವಿಕ್ಟರನ ಸೋದರ ಸಂಬಂಧಿ. 1831ರಲ್ಲಿ ಸಾಕಲು ತಂದ ಅನಾಥೆ. ಮೊದಲಿನದರಲ್ಲಿ ಸಿಡಿಲಿನ ನಂತರ ವಿದ್ಯುತ್ತನ್ನು ವಿವರಿಸುವವನು ತಂದೆ. ಎರಡನೆಯದರಲ್ಲಿ ಮನೆಗೆ ಬಂದ ವಿಜ್ಞಾನಿ, ಅವನ ಬಾಯಲ್ಲೇ ಗಾಲ್ವನಿಸಂ, ಅಂದರೆ ಗಾಲ್ವಾನಿ ತೋರಿಸಿದ ವಿದ್ಯುತ್ತಿನ ಪರಿಣಾಮದ ಮಾತು ಬರುತ್ತದೆ. 1831ರ ವಿಕ್ಟರ್ ಹೆಜ್ಜೆಹೆಜ್ಜೆಗೂ ವಿಧಿಯನ್ನು ನೆನೆಯುತ್ತಾನೆ. ಹಾಗಾಗಿ ದುರಂತ ನಾಯಕ ಎಂಬ ಪದ ಅವನಿಗೆ ಹೆಚ್ಚು ಹೊಂದುತ್ತದೆ. ಆಯ್ಕೆ ಮತ್ತು ಹೊಣೆಯ ಪ್ರಶ್ನೆ ಚುರುಕಾಗಿರುವುದು 1818ರ ಪಠ್ಯದಲ್ಲಿ. ಅಧ್ಯಾಯಗಳ ಸಂಖ್ಯೆಯೂ ಬೇರೆ: ಜೀವ ಬರುವ ದೃಶ್ಯ 1818ರಲ್ಲಿ ಮೊದಲ ಸಂಪುಟದ ನಾಲ್ಕನೇ ಅಧ್ಯಾಯ, 1831ರಲ್ಲಿ ಐದನೆಯದು. ಪ್ರಬಂಧ ಬರೆಯುವ ಮುನ್ನ ಕೈಯಲ್ಲಿರುವ ಪ್ರತಿ ಯಾವ ವರ್ಷದ್ದೆಂದು ಮೊದಲ ಪುಟಗಳಲ್ಲೇ ನೋಡಿಕೊಂಡು, ಆ ವರ್ಷವನ್ನು ಪ್ರಬಂಧದಲ್ಲೂ ನಮೂದಿಸಿ.